ಕೊನೆಯ ಮರ ನಿಂತಿರುವ ಜಾಗ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಚಿತ್ರ ನೋಡಿ. ಎತ್ತರದ ಬೆಟ್ಟವೊಂದರ ಇಳಿಜಾರು. ಕೆಳಗೆ ಸೂಜಿಯೆಲೆಯ ಫರ್ ಮರಗಳ ದಟ್ಟ ಕಾಡು. ಮೇಲಕ್ಕೆ ಹೋದ ಹಾಗೆ ಮರಗಳು ಗಿಡ್ಡವಾಗುತ್ತವೆ, ಒಂದರಿಂದೊಂದು ದೂರ ಸರಿಯುತ್ತವೆ. ಗಾಳಿ ಬಂದು ಬಡಿಯುವ ಮಗ್ಗುಲಲ್ಲಿ ಕೊಂಬೆಯೇ ಇರುವುದಿಲ್ಲ, ಇನ್ನೊಂದು ಮಗ್ಗುಲಿನ ಕೊಂಬೆಗಳು ಬಾವುಟದ ಹಾಗೆ ಚಾಚಿಕೊಂಡಿರುತ್ತವೆ. ಇನ್ನೂ ಮೇಲೆ ಅದೇ ಜಾತಿಯ ಮರ ಮೊಣಕಾಲೆತ್ತರದ ಪೊದೆಯಾಗಿ ನೆಲಕ್ಕೆ ಅಂಟಿಕೊಂಡಿದೆ. ಅಲ್ಲಿಂದಾಚೆಗೆ ಹುಲ್ಲು, ಕಲ್ಲು, ಹಿಮ.

ಮರಗಳು ಮುಗಿಯುವ ಈ ಗಡಿಗೆ ವೃಕ್ಷರೇಖೆ ಎನ್ನುತ್ತೇವೆ, ಟ್ರೀಲೈನ್ ಎಂದರೂ ಅದೇ. ಹೆಸರಿನಲ್ಲಿ ರೇಖೆ ಇದ್ದರೂ ಇದು ಎಳೆದಿಟ್ಟ ಗೆರೆಯಲ್ಲ. ಕೆಲವು ಕಡೆ ಚಾಕುವಿನಲ್ಲಿ ಕೊಯ್ದ ಹಾಗೆ ಕಾಡು ಥಟ್ಟನೆ ನಿಲ್ಲುತ್ತದೆ. ನ್ಯೂಜಿಲೆಂಡಿನಲ್ಲಿ ಸದರ್ನ್ ಬೀಚ್ ಎಂಬ ಮರಗಳ ಕಾಡುಗಳು ಹಾಗೆ. ಬೇರೆ ಕಡೆ ಅದು ನೂರಾರು ಮೀಟರ್ ಅಗಲದ ಪಟ್ಟಿಯಾಗಿ ಕ್ರಮೇಣ ತೆಳುವಾಗುತ್ತದೆ. ಕನಿಷ್ಠ 3 ಮೀಟರ್ ಎತ್ತರ ಇರುವುದನ್ನು ಮರ ಎಂದು ಲೆಕ್ಕ ಹಿಡಿದು, ಅಂಥ ಮರಗಳ ಗುಂಪು ಕೊನೆಗೆ ಎಲ್ಲಿ ಸಿಗುತ್ತದೋ ಆ ಜಾಗಗಳನ್ನು ಜೋಡಿಸಿದರೆ ವೃಕ್ಷರೇಖೆ. ಆಲ್ಪ್ಸ್ ಪರ್ವತಗಳಲ್ಲಿ ಇದು ಸುಮಾರು 2,000 ಮೀಟರ್ ದಾಟಿ ಸ್ವಲ್ಪ ಮೇಲಿದೆ. ಆಗ್ನೇಯ ಟಿಬೆಟ್ಟಿನಲ್ಲಿ ಜೂನಿಪರ್ ಮರಗಳು 4,900 ಮೀಟರ್‌ವರೆಗೂ ಹೋಗುತ್ತವೆ. ಬೊಲಿವಿಯಾದ ಸಾಹಾಮಾ ಜ್ವಾಲಾಮುಖಿಯ ಮೈಮೇಲೆ ಪಾಲಿಲೆಪಿಸ್ ಎಂಬ ಸಣ್ಣ ಮರ 5,000 ಮೀಟರನ್ನೂ ದಾಟಿ ನಿಂತಿದೆ.

ಭೂಮಿ ಬಿಸಿಯಾದರೆ ಈ ಗಡಿ ಏನಾಗುತ್ತದೆ ಎಂಬುದೇ ಇವತ್ತಿನ ಪ್ರಶ್ನೆ. ಉತ್ತರ ಸುಲಭ ಎಂದು ನಿಮಗೆ ಅನ್ನಿಸಬಹುದು, ಬಹಳ ಕಾಲ ನನಗೂ ಹಾಗೇ ಅನ್ನಿಸಿತ್ತು. ಚಳಿಯಿಂದಾಗಿ ಮರ ಮೇಲೆ ಹೋಗಿಲ್ಲ, ಚಳಿ ಕಡಿಮೆಯಾದರೆ ಮೇಲೆ ಹೋಗುತ್ತದೆ, ಅಷ್ಟೇ ತಾನೇ? ಲೆಕ್ಕವನ್ನೂ ಹಾಕಬಹುದು. ಬೆಟ್ಟದಲ್ಲಿ ಪ್ರತಿ 100 ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಮೇಲಿತ್ತು. ಆ ಲೆಕ್ಕದಲ್ಲಿ ಎಲ್ಲ ಪರ್ವತಗಳಲ್ಲೂ ಮರಗಳು 250 ಮೀಟರಿನಷ್ಟು ಮೇಲೇರಿರಬೇಕಿತ್ತು.

ಏರಿವೆಯೇ? ಜಗತ್ತಿನ 166 ವೃಕ್ಷರೇಖೆಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2009ರಲ್ಲಿ ಬಂತು. 1900ರಿಂದ ಈಚೆಗೆ ಅವುಗಳಲ್ಲಿ ಶೇಕಡಾ 52 ಮುಂದೆ ಸರಿದಿದ್ದವು. ಎರಡು ಕಡೆ ಹಿಂದೆ ಸರಿದಿದ್ದವು. ಉಳಿದವು, ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು, ಇದ್ದಲ್ಲೇ ಇದ್ದವು. ಚಳಿಗಾಲ ಹೆಚ್ಚು ಬಿಸಿಯಾದ ಕಡೆ ಮುಂದೆ ಸರಿದದ್ದು ಹೆಚ್ಚು. ಕ್ರಮೇಣ ತೆಳುವಾಗುವ ಗಡಿಗಳು ಸರಿದಷ್ಟು, ಥಟ್ಟನೆ ನಿಲ್ಲುವ ಗಡಿಗಳು ಸರಿದಿರಲಿಲ್ಲ.

ನನ್ನ ಗಮನವೆಲ್ಲ ಆ ಇನ್ನರ್ಧದ ಮೇಲೆ. ಬಿಸಿಯಾದರೂ ಅಲುಗಾಡದ ಗಡಿಗಳು ಯಾಕೆ ಹಾಗಿವೆ?

ಅದಕ್ಕೆ ಮೊದಲು ಆ ಎತ್ತರದಲ್ಲಿ ಮರ ಯಾಕೆ ನಿಲ್ಲುತ್ತದೆ ಎಂಬುದನ್ನು ತಿಳಿಯಬೇಕು. ಚಳಿಯಲ್ಲಿ ಎಲೆಗಳು ಸಾಕಷ್ಟು ಆಹಾರ ತಯಾರಿಸಲಾರವು, ಮರ ಹಸಿವಿನಿಂದ ಸೊರಗುತ್ತದೆ ಎಂಬ ವಿವರಣೆ ಹಿಂದೆ ಇತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಕ್ರಿಸ್ಟಿಯಾನ್ ಕೋರ್ನರ್ ಮತ್ತು ಅವರ ಸಹೋದ್ಯೋಗಿಗಳು ಗಡಿಯ ಮರಗಳೊಳಗಿನ ಸಕ್ಕರೆ, ಪಿಷ್ಟಗಳನ್ನು ಅಳೆದರು. ಕೊರತೆ ಕಾಣಲಿಲ್ಲ, ದಾಸ್ತಾನು ಚೆನ್ನಾಗಿಯೇ ಇತ್ತು. ಉಷ್ಣಾಂಶ 5 ಡಿಗ್ರಿಗೆ ಇಳಿದಾಗಲೂ ಎಲೆಗಳ ದ್ಯುತಿಸಂಶ್ಲೇಷಣೆ ಸಾಕಷ್ಟು ನಡೆಯುತ್ತಿರುತ್ತದೆ. ಆದರೆ ಹೊಸ ಕೋಶಗಳು ಹುಟ್ಟಿ ಕಟ್ಟಿಗೆಯಾಗುವ ಕೆಲಸ ಆ ಹೊತ್ತಿಗೆ ಬಹುಮಟ್ಟಿಗೆ ನಿಂತೇ ಹೋಗಿರುತ್ತದೆ. ಇಟ್ಟಿಗೆ, ಗಾರೆ ಎಲ್ಲ ಬಂದು ಬಿದ್ದಿವೆ, ಗೋಡೆ ಏರುತ್ತಿಲ್ಲ, ಅಂಥ ಪರಿಸ್ಥಿತಿ. ಬೇರೆ ಬೇರೆ ಖಂಡಗಳ ಗಡಿಗಳಲ್ಲಿ ಮಣ್ಣಿನೊಳಗೆ ಉಷ್ಣಮಾಪಕ ಹೂತಿಟ್ಟು ನೋಡಿದಾಗ, ಬೆಳವಣಿಗೆಯ ಋತುವಿನ ಸರಾಸರಿ ಎಲ್ಲೆಡೆಯೂ 6ರಿಂದ 7 ಡಿಗ್ರಿಯ ಸುತ್ತಮುತ್ತಲೇ ಸಿಕ್ಕಿತು. ಆಲ್ಪ್ಸ್ ಇರಲಿ, ಆಂಡಿಸ್ ಇರಲಿ, ಮರದ ಜಾತಿ ಯಾವುದೇ ಇರಲಿ. ಈ ವಿಷಯದಲ್ಲಿ ನಾನು ಓದಿದ ಸಂಗತಿಗಳಲ್ಲೆಲ್ಲ ನನ್ನನ್ನು ಅತಿಯಾಗಿ ಬೆರಗುಗೊಳಿಸಿದ್ದು ಇದೇ.

ಹಾಗಾದರೆ ಪಕ್ಕದಲ್ಲೇ ಹುಲ್ಲು, ಹೂಗಿಡಗಳು ಇನ್ನೂ ಸಾವಿರ ಮೀಟರ್ ಮೇಲೆ ಹೇಗೆ ಬದುಕುತ್ತವೆ? ಕುಳ್ಳಗಿರುವುದೇ ಅವುಗಳ ಅನುಕೂಲ. ಬಿಸಿಲು ಬಿದ್ದಾಗ ನೆಲಕ್ಕೆ ಅಂಟಿದ ಗಿಡದ ಸುತ್ತ ಬಿಸಿಗಾಳಿಯ ತೆಳುವಾದ ಹೊದಿಕೆ ನಿಲ್ಲುತ್ತದೆ, ಅಲ್ಲಿನ ಉಷ್ಣಾಂಶ ಮೇಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚಿರುತ್ತದೆ. ಮರ ತಲೆ ಎತ್ತಿ ನಿಂತಿರುವುದರಿಂದ ಗಾಳಿಯ ಚಳಿಯನ್ನೆಲ್ಲ ಅದೇ ಉಣ್ಣಬೇಕು. ಜೊತೆಗೆ ತನ್ನ ನೆರಳಿನಿಂದ ತನ್ನ ಬೇರಿನ ಮಣ್ಣನ್ನೂ ತಣ್ಣಗಿಡುತ್ತದೆ. ಚಿತ್ರದಲ್ಲಿ ಮರವೇ ಪೊದೆಯಾಗಿ ಮಲಗಿದ್ದನ್ನು ಕಂಡಿರಲ್ಲ, ಅದಕ್ಕೆ ಕ್ರುಮ್‌ಹೋಲ್ಜ್ ಎಂಬ ಜರ್ಮನ್ ಹೆಸರಿದೆ, ಸೊಟ್ಟ ಮರ ಎಂದರ್ಥ. ತಲೆ ಎತ್ತದೆ ಬದುಕುವ ಉಪಾಯ ಅದು.

ಅಂದರೆ ಮರ ಎಷ್ಟು ಎತ್ತರದವರೆಗೆ ಹೋಗಬಹುದು ಎಂಬ ಅಪ್ಪಣೆ ಕೊಡುವುದು ಉಷ್ಣಾಂಶ, ಇದರಲ್ಲಿ ಅನುಮಾನವಿಲ್ಲ. ಆದರೆ ಅಪ್ಪಣೆ ಸಿಕ್ಕ ಮಾತ್ರಕ್ಕೆ ಅಲ್ಲಿ ಮರ ಎದ್ದು ನಿಲ್ಲುವುದಿಲ್ಲ. ಮರವೇ ನಡೆದು ಹೋಗುವ ಹಾಗಿಲ್ಲವಲ್ಲ. ಬೀಜ ಆಗಬೇಕು, ಅದು ಮೇಲಕ್ಕೆ ತಲುಪಬೇಕು, ಮೊಳೆಯಬೇಕು, ಆಮೇಲೆ ಹತ್ತಾರು ಚಳಿಗಾಲ ಸಾಯದೆ ಉಳಿಯಬೇಕು. ಈ ಪ್ರತಿ ಹೆಜ್ಜೆಯಲ್ಲೂ ಉಷ್ಣಾಂಶವಲ್ಲದ ಬೇರೆ ಕಾರಣಗಳು ಕಾದು ಕುಳಿತಿರುತ್ತವೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ಇಳಿಜಾರು ಸ್ವಿಟ್ಜರ್ಲೆಂಡಿನ ದಾವೋಸ್ ಹತ್ತಿರ ಇದೆ, ಹೆಸರು ಸ್ಟಿಲ್‌ಬರ್ಗ್. ಹಿಮಕುಸಿತ ತಡೆಯಲು ಎತ್ತರದಲ್ಲಿ ಕಾಡು ಬೆಳೆಸುವುದು ಹೇಗೆಂದು ಕಲಿಯಲು 1975ರಲ್ಲಿ ಅಲ್ಲಿ 92,000 ಸಸಿಗಳನ್ನು ನೆಟ್ಟರು. ಮೂರೇ ಜಾತಿ: ಲಾರ್ಚ್, ಸ್ವಿಸ್ ಸ್ಟೋನ್ ಪೈನ್, ಮೌಂಟನ್ ಪೈನ್. ಒಂದೊಂದು ಸಸಿ ಎಲ್ಲಿದೆ, ಅಲ್ಲಿ ಹಿಮ ಯಾವಾಗ ಕರಗುತ್ತದೆ, ಗಾಳಿ ಎಷ್ಟು ಎಂದು ಬರೆದಿಡುತ್ತಾ ಬಂದರು. ಮೊದಲ ಕೆಲವು ವರ್ಷ ಮೂರೂ ಚೆನ್ನಾಗಿದ್ದವು. ಆಮೇಲೆ ಎರಡೂ ಜಾತಿಯ ಪೈನ್‌ಗಳು ಸಾಯತೊಡಗಿದವು. ಮೂವತ್ತು ವರ್ಷದ ಹೊತ್ತಿಗೆ ಅವುಗಳಲ್ಲಿ ಬಹುಪಾಲು ಇರಲಿಲ್ಲ. ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಶಿಲೀಂಧ್ರಗಳು. ಹಿಮ ತಡವಾಗಿ ಕರಗುವ ತಗ್ಗುಗಳಲ್ಲಿ, ಹಿಮದ ಹೊದಿಕೆಯ ಕೆಳಗೆ ತಿಂಗಳುಗಟ್ಟಲೆ ಹುದುಗಿದ ಹಸಿರು ಸೂಜಿಯೆಲೆಗಳ ಮೇಲೆ ಬೂಷ್ಟು ಹಬ್ಬಿ ಸಸಿಯನ್ನೇ ಕೊಳೆಸುತ್ತಿತ್ತು. ಲಾರ್ಚ್ ಉಳಿದುಕೊಂಡಿತು, ಚಳಿಗಾಲಕ್ಕೆ ಎಲೆ ಉದುರಿಸುವ ಮರ ಅದು.

ನಾನು ಈ ಪ್ರಯೋಗವನ್ನು ಇಷ್ಟು ಹೊತ್ತು ಹೇಳುತ್ತಿರುವುದಕ್ಕೆ ಕಾರಣ ಇದೆ. ಐದನೆಯ ವರ್ಷದಲ್ಲಿ ನೋಡಿ ಬಂದವರು ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಮೂವತ್ತನೆಯ ವರ್ಷದಲ್ಲಿ ಹೋದವರಿಗೆ ಕಂಡ ಬೆಟ್ಟವೇ ಬೇರೆ. ಗಡಿಯ ಮೇಲೆ ಹೊಸ ಸಸಿಗಳು ಕಂಡವು, ಕಾಡು ಏರುತ್ತಿದೆ ಎಂಬ ಸುದ್ದಿ ಓದಿದಾಗಲೆಲ್ಲ ನಾನು ಸ್ಟಿಲ್‌ಬರ್ಗನ್ನು ನೆನಪಿಸಿಕೊಳ್ಳುತ್ತೇನೆ.

ಹಿಮ ಹೆಚ್ಚಾದರೆ ಬೂಷ್ಟು, ನಿಜ. ಹಾಗೆಂದು ಹಿಮ ಕಡಿಮೆಯಾದರೆ ಒಳ್ಳೆಯದೂ ಅಲ್ಲ. ಹಿಮ ಒಂದು ಕಂಬಳಿ. ಹೊರಗೆ ಎಷ್ಟೇ ಚಳಿ ಇದ್ದರೂ ದಪ್ಪ ಹಿಮದ ಕೆಳಗಿನ ಮಣ್ಣು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಿಸಿಯಾದ ಹವಾಮಾನದಲ್ಲಿ ಹಿಮದ ಬದಲು ಮಳೆ ಬಿದ್ದು, ಆಮೇಲೆ ಥಟ್ಟನೆ ಚಳಿ ಬಂದರೆ ಬರಿಮೈಯ ಮಣ್ಣು ಹೆಪ್ಪುಗಟ್ಟುತ್ತದೆ, ಬೇರು ಸಾಯುತ್ತದೆ. ಅಲಾಸ್ಕಾದಲ್ಲಿ ಹಳದಿ ಸೀಡರ್ ಮರಗಳು ಗುಂಪುಗುಂಪಾಗಿ ಒಣಗಿದ್ದು ಹೀಗೆ. ಬೆಚ್ಚಗಾದ ಜಗತ್ತಿನಲ್ಲಿ ಚಳಿಯಿಂದ ಸತ್ತ ಮರಗಳು ಅವು. ಅವು ವೃಕ್ಷರೇಖೆಯ ಮರಗಳಲ್ಲ, ಆದರೆ ಕಂಬಳಿ ಕಳೆದುಕೊಂಡ ಬೇರಿನ ಕಷ್ಟ ಎಲ್ಲ ಎತ್ತರದಲ್ಲೂ ಒಂದೇ.

ಹಿಮಾಲಯಕ್ಕೆ ಬರೋಣ. ಅಲ್ಲಿನ ಎತ್ತರದ ಗಡಿಯಲ್ಲಿ ಫರ್, ರೋಡೋಡೆಂಡ್ರಾನ್ ಜೊತೆಗೆ ನಿಂತಿರುವ ಮರ ಭೂರ್ಜ. ಕಾಗದಕ್ಕೂ ಮುಂಚೆ ಜನ ಅದರ ತೊಗಟೆಯ ಮೇಲೆ ಬರೆಯುತ್ತಿದ್ದರು, ಭೂರ್ಜಪತ್ರ ಎಂದು ನಾವೆಲ್ಲ ಕೇಳಿದ್ದೇವೆ. ಮಧ್ಯ ಹಿಮಾಲಯದ ಭೂರ್ಜ ಮರಗಳ ಕಾಂಡದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಓದಿದಾಗ ಬಂದ ಉತ್ತರ ನಿರೀಕ್ಷೆಗೆ ಉಲ್ಟಾ ಇತ್ತು. ಬೆಚ್ಚಗಿನ ವರ್ಷಗಳಲ್ಲಿ ಉಂಗುರ ದಪ್ಪವಾಗಬೇಕಿತ್ತು. ಆದರೆ ಮುಂಗಾರಿಗೆ ಮುಂಚಿನ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳು ಬಿಸಿಯಾಗಿ ಒಣಗಿದ್ದ ವರ್ಷಗಳಲ್ಲಿ ಉಂಗುರ ಸಪೂರವಾಗಿತ್ತು, ಕೆಲವೊಮ್ಮೆ ಉಂಗುರವೇ ಬಿಟ್ಟುಹೋಗಿತ್ತು. ಚಳಿಯ ಗಡಿಯಲ್ಲಿ ನಿಂತ ಮರಕ್ಕೆ ಬಾಯಾರಿಕೆ. ಬೇಸಿಗೆಯ ಬಿಸಿ ಏರುತ್ತಾ ಹೋಗಿ, ಮುಂಗಾರಿಗೆ ಮೊದಲಿನ ತೇವ ಏರದಿದ್ದರೆ ಆ ಭೂರ್ಜಕ್ಕೆ ಉಷ್ಣಾಂಶ ಕೊಟ್ಟ ಅಪ್ಪಣೆಯಿಂದ ಏನೂ ಪ್ರಯೋಜನವಿಲ್ಲ.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಇನ್ನೊಂದು ಅಡ್ಡಿ ಕಂಡಿದೆ. ಗಡಿಯಿಂದ ಮೇಲೆ ದಟ್ಟ ಪೊದೆಗಳಿರುವ ಕಡೆ ಫರ್, ಸ್ಪ್ರೂಸ್ ಸಸಿಗಳಿಗೆ ಬೇರೂರಲು ಜಾಗವೇ ಸಿಗುವುದಿಲ್ಲ. ಪೊದೆ ವಿರಳವಾಗಿದ್ದ ಕಡೆ ಮರಗಳು ಬೇಗ ಏರಿದ್ದವು. ಪೆರುವಿನ ಆಂಡಿಸ್‌ನಲ್ಲಂತೂ ಕಾಡಿನ ಒಳಗಿನ ಮರಜಾತಿಗಳು ವರ್ಷಕ್ಕೆ 2.5ರಿಂದ 3.5 ಮೀಟರ್ ಎತ್ತರದಂತೆ ಮೇಲಕ್ಕೆ ಸರಿಯುತ್ತಿವೆ, ಆದರೆ ಕಾಡು ಮುಗಿದು ಹುಲ್ಲು ಶುರುವಾಗುವ ಗಡಿ ಹೆಚ್ಚಿನ ಕಡೆ ಮಿಸುಕಿಲ್ಲ. ಮೇಲಿನ ಹುಲ್ಲಿಗೆ ಬೆಂಕಿ ಬೀಳುತ್ತದೆ, ದನಗಳು ಮೇಯುತ್ತವೆ. ಕೆಳಗಿನಿಂದ ಒತ್ತಿಕೊಂಡು ಬರುವ ಜಾತಿಗಳು ಆ ಹುಲ್ಲಿನ ಅಂಚಿಗೆ ಬಂದು ಸಿಕ್ಕಿಬೀಳುತ್ತವೆ.

ಮನುಷ್ಯನ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಸ್ವಿಸ್ ಆಲ್ಪ್ಸ್‌ನಲ್ಲಿ ಕಾಡು ನಿಜವಾಗಿ ಮೇಲೇರಿದೆ. ಆದರೆ ಅದರ ಬಹುಪಾಲು ಹವಾಮಾನದಿಂದ ಅಲ್ಲ. ಶತಮಾನಗಳ ಕಾಲ ದನ ಮೇಯಿಸಲೆಂದು ಜನ ಕಾಡನ್ನು ಕೆಳಕ್ಕೆ ತಳ್ಳಿದ್ದರು. ಈಗ ಆ ಹುಲ್ಲುಗಾವಲುಗಳನ್ನು ಬಿಟ್ಟು ಹೋಗಿದ್ದಾರೆ, ಕಾಡು ತನ್ನ ಹಳೆಯ ಜಾಗಕ್ಕೆ ಮರಳುತ್ತಿದೆ. ಎರಡು ಕಾಲದ ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಇದು ಹವಾಮಾನ ಬದಲಾವಣೆ ಎಂದು ಹೇಳಿಬಿಡುವುದು ಅಪಾಯ. ವಿಜ್ಞಾನಿಗಳಿಗೂ ಈ ಬಗೆಯ ಎಡವಟ್ಟು ತಪ್ಪಿದ್ದಲ್ಲ. ಜರ್ಮನಿಯ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ 1802ರಲ್ಲಿ ಈಕ್ವೆಡಾರ್‌ನ ಚಿಂಬೊರಾಸೊ ಪರ್ವತ ಹತ್ತಿ, ಯಾವ ಎತ್ತರದಲ್ಲಿ ಯಾವ ಗಿಡ ಎಂದು ತೋರಿಸುವ ಪ್ರಸಿದ್ಧ ಚಿತ್ರಪಟ ಮಾಡಿದರು. ಅದೇ ಪರ್ವತವನ್ನು ಮತ್ತೆ ಹತ್ತಿ ಹೋಲಿಸಿದವರು, ಸಸ್ಯಗಳು 500 ಮೀಟರಿಗೂ ಹೆಚ್ಚು ಮೇಲೇರಿವೆ ಎಂದು 2015ರಲ್ಲಿ ಪ್ರಕಟಿಸಿದರು. 2019ರಲ್ಲಿ ಬೇರೊಂದು ತಂಡ ಹುಂಬೋಲ್ಟರ ಮೂಲ ಟಿಪ್ಪಣಿಗಳನ್ನು ಹುಡುಕಿ ನೋಡಿತು. ಚಿತ್ರಪಟದಲ್ಲಿದ್ದ ಆ ಎತ್ತರದ ಸಸ್ಯಗಳ ಮಾಹಿತಿ ಬಹುಮಟ್ಟಿಗೆ ಚಿಂಬೊರಾಸೊದ್ದಲ್ಲ, ಆಂಟಿಸಾನಾ ಎಂಬ ಬೇರೆ ಪರ್ವತದ್ದು! ಅಲ್ಲಿಗೆ ಹೋಗಿ ಅಳೆದಾಗ ಏರಿಕೆ 215ರಿಂದ 266 ಮೀಟರ್ ಎಂದು ಬಂತು. ಏರಿಕೆಯಂತೂ ಸುಳ್ಳಲ್ಲ, ಪ್ರಮಾಣ ಮಾತ್ರ ಅರ್ಧಕ್ಕಿಳಿಯಿತು.

ಗಡಿ ಕೆಳಗೆ ಇಳಿಯುವುದೂ ಉಂಟು. ಕಿಲಿಮಂಜಾರೊ ಎಂದರೆ ಎಲ್ಲರೂ ಅದರ ತುದಿಯ ಕರಗುವ ಹಿಮದ ಬಗ್ಗೆ ಮಾತಾಡುತ್ತಾರೆ. ಅದರ ಕೆಳಗಿನ ಕಾಡಿನ ಬಗ್ಗೆ ಮಾತಾಡುವವರು ಕಡಿಮೆ. ಅಲ್ಲಿ ಹವಾಮಾನ ಒಣಗುತ್ತಾ ಬಂದು, ಬೆಂಕಿ ಹೆಚ್ಚಾಗಿ, ಮೇಲಂಚಿನ ಕಾಡು ಸುಟ್ಟು ಗಡಿ ಕೆಳಕ್ಕೆ ಸರಿದಿದೆ. ಆ ಕಾಡು ಮಂಜಿನಿಂದ ನೀರು ಹಿಡಿಯುತ್ತಿತ್ತು. ಮೋಡ ಬಂದು ಎಲೆ, ಪಾಚಿಗಳಿಗೆ ತಾಗಿ ಹನಿಯಾಗಿ ಇಳಿಯುವ ನೀರು ಅದು. ಕೆಳಗಿನ ಜನರಿಗೆ ತುದಿಯ ಹಿಮ ಕರಗಿ ಹೋದ ನಷ್ಟಕ್ಕಿಂತ ಈ ಮಂಜಿನ ನೀರಿನ ನಷ್ಟವೇ ದೊಡ್ಡದು.

ಇನ್ನು ನನಗೆ ಹೇಳಲು ಅತ್ಯಂತ ಕಷ್ಟವಾಗುವ ಕಥೆ. ಉತ್ತರ ಅಮೆರಿಕದ ಪಶ್ಚಿಮದ ಪರ್ವತಗಳಲ್ಲಿ, ವೃಕ್ಷರೇಖೆಯಲ್ಲೇ ಬೆಳೆಯುವ ವೈಟ್‌ಬಾರ್ಕ್ ಪೈನ್ ಎಂಬ ಮರವಿದೆ. ಅದರ ಕಾಯಿ ತಾನಾಗಿ ಬಿರಿಯುವುದಿಲ್ಲ. ಕಾಗೆಯ ಬಳಗದ ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಹಕ್ಕಿ ಅದನ್ನು ಒಡೆದು, ಚಳಿಗಾಲಕ್ಕೆಂದು ಹತ್ತಾರು ಸಾವಿರ ಬೀಜಗಳನ್ನು ನೆಲದಲ್ಲಿ ಅಲ್ಲಲ್ಲಿ ಹೂತಿಡುತ್ತದೆ. ಮರೆತು ಬಿಟ್ಟವು ಮೊಳೆಯುತ್ತವೆ. ಕರಡಿಗಳಿಗೂ ಆ ಬೀಜವೇ ಕೊಬ್ಬಿನ ಆಹಾರ. ಈ ಮರಕ್ಕೆ ಮೂರು ಕಡೆಯಿಂದ ಏಟು ಬಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರಗಿನಿಂದ ಬಂದ ಬ್ಲಿಸ್ಟರ್ ರಸ್ಟ್ ಎಂಬ ತುಕ್ಕುರೋಗ ಒಂದು. ಎರಡನೆಯದು ಕಾಡಿಗೆ ಬೆಂಕಿ ಬೀಳುವ ಲಯ ಬದಲಾದದ್ದು. ಮೂರನೆಯದು ಅಕ್ಕಿಕಾಳಿನಷ್ಟು ದೊಡ್ಡ ಮೌಂಟನ್ ಪೈನ್ ಬೀಟಲ್ ಎಂಬ ದುಂಬಿ. ತೊಗಟೆಯ ಕೆಳಗೆ ಅದರ ಮರಿಹುಳುಗಳು ಚಳಿಗಾಲ ಕಳೆಯುತ್ತವೆ. ಹಿಂದೆ ಆ ಎತ್ತರದ ಕಡುಚಳಿಗೆ ಅವು ಸಾಯುತ್ತಿದ್ದವು, ಉಳಿದವಕ್ಕೆ ಒಂದು ತಲೆಮಾರು ಮುಗಿಸಲು ಎರಡು ಬೇಸಿಗೆ ಬೇಕಾಗುತ್ತಿತ್ತು. ಈಗ ಒಂದೇ ಬೇಸಿಗೆ ಸಾಕು. ಚಳಿ ಈ ಮರದ ಬೆಳವಣಿಗೆಯನ್ನು ತಡೆದಿತ್ತು ನಿಜ, ಆದರೆ ಅದೇ ಚಳಿ ಅದಕ್ಕೆ ಕಾವಲೂ ಆಗಿತ್ತು. 2022ರ ಡಿಸೆಂಬರಿನಲ್ಲಿ ಅಮೆರಿಕ ಈ ಮರವನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ಉಷ್ಣಾಂಶದ ಲೆಕ್ಕ ಮಾತ್ರ ನೋಡಿದರೆ, ಬಿಸಿಯಾದಾಗ ಲಾಭವಾಗಬೇಕಿದ್ದ ಮರ ಇದು.

ಕಾಡು ಎಲ್ಲಿ ಏರುತ್ತದೋ ಅಲ್ಲಿ ಮೇಲಿದ್ದವರು ಏನಾಗುತ್ತಾರೆ ಎಂಬುದನ್ನು ಚುಟುಕಾಗಿ ಹೇಳುತ್ತೇನೆ. ಯುರೋಪಿನ 302 ಶಿಖರಗಳ ಸಸ್ಯ ದಾಖಲೆಗಳನ್ನು ನೋಡಿದರೆ, ಶಿಖರಕ್ಕೆ ಹೊಸ ಜಾತಿಗಳು ಬರುವ ವೇಗ 2007ರಿಂದ 2016ರ ನಡುವೆ ಐವತ್ತು ವರ್ಷ ಹಿಂದಿನದರ ಐದು ಪಟ್ಟಾಗಿದೆ. ಸಂಖ್ಯೆ ಹೆಚ್ಚಾದದ್ದು ಸಂತೋಷದ ವಿಷಯವಲ್ಲ, ಬರುತ್ತಿರುವವು ಹೆಚ್ಚಾಗಿ ಕೆಳಗಿನ ಬಲಿಷ್ಠ ಗಿಡಗಳು. ತುದಿಯಲ್ಲಿದ್ದ ಕುಳ್ಳ ಹೂಗಿಡಕ್ಕೆ ಅದಕ್ಕಿಂತ ಮೇಲೆ ಬೆಟ್ಟವಿಲ್ಲ. ಹಿಮಾಲಯದಲ್ಲಿ ಮರಗಳು ಏರಿ ಬಯಲು ಕುಗ್ಗಿದರೆ ಹಿಮಚಿರತೆಯ ನೆಲೆಯ ಸುಮಾರು ಶೇಕಡಾ 30 ಇಲ್ಲವಾಗಬಹುದು ಎಂದು ಒಂದು ಅಂದಾಜು ಇದೆ. ಮರಗಳು ಬೇಗ ಏರದಿರುವುದು ಆ ಪ್ರಾಣಿಗೆ ಸದ್ಯ ಸಿಕ್ಕಿರುವ ಸ್ವಲ್ಪ ಸಮಯ.

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಕಾಡು ಮೇಲೇರಿದರೆ ಇಂಗಾಲ ಹೆಚ್ಚು ಹಿಡಿಯುತ್ತದೆ, ಅದು ಒಳ್ಳೆಯದೇ ಅಲ್ಲವೇ ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಚಳಿ ಪ್ರದೇಶದ ಮಣ್ಣಿನಲ್ಲಿ ಕೊಳೆಯದೆ ಉಳಿದ ಇಂಗಾಲ ಬಹಳ ಇರುತ್ತದೆ. ಸ್ವೀಡನ್ನಿನ ಉತ್ತರದ ಆಬಿಸ್ಕೊದಲ್ಲಿ ಬರ್ಚ್ (ಭೂರ್ಜದ ಬಳಗದ ಮರ) ಕಾಡನ್ನೂ ಅದರ ಪಕ್ಕದ ಮರವಿಲ್ಲದ ಬಯಲನ್ನೂ ಅಳೆದು ಹೋಲಿಸಿದ ಅಧ್ಯಯನ 2012ರಲ್ಲಿ ಬಂತು. ನೆಲದ ಮೇಲಿನ ಇಂಗಾಲ ಕಾಡಿನಲ್ಲೇ ಹೆಚ್ಚು. ಆದರೆ ಮಣ್ಣನ್ನೂ ಸೇರಿಸಿದರೆ ಬಯಲಿನ ಮೊತ್ತವೇ ದೊಡ್ಡದಾಗಿತ್ತು. ಬೆಳೆಯುವ ಮರಗಳ ಬೇರು ಮಣ್ಣಿನ ಸೂಕ್ಷ್ಮಜೀವಿಗಳನ್ನು ಚುರುಕುಗೊಳಿಸಿ ಹಳೆಯ ಇಂಗಾಲವನ್ನು ಗಾಳಿಗೆ ಬಿಡಿಸುತ್ತಿತ್ತು. ಇದರ ಜೊತೆಗೆ, ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಅದರ ಮೇಲೆ ತಲೆ ಎತ್ತಿದ ಕಪ್ಪು ಹಸಿರು ಮರ ಆ ಬಿಸಿಲನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಎಲ್ಲ ಕಡೆಯೂ ಲಾಭ ಎಂದು ನಾನು ಹೇಳಲಾರೆ.

ಇನ್ನೊಬ್ಬರು, ನೀವು ಮೊದಲು ತೋರಿಸಿದ ಚಿತ್ರದಲ್ಲಿ ಮೊಣಕಾಲೆತ್ತರ ಮಲಗಿದ್ದ ಮರಕ್ಕೆ ಎಷ್ಟು ವಯಸ್ಸಿರಬಹುದು ಎಂದು ಕೇಳಿದರು. ಆ ಎತ್ತರದಲ್ಲಿ ಗಾತ್ರ ನೋಡಿ ವಯಸ್ಸು ಹೇಳಲಾಗದು. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನಲ್ಲಿ 4,800 ವರ್ಷ ದಾಟಿದ ಬ್ರಿಸಲ್‌ಕೋನ್ ಪೈನ್ ಇನ್ನೂ ಬದುಕಿದೆ. ಅಮೆರಿಕದ ಪಶ್ಚಿಮದ ವೃಕ್ಷರೇಖೆಗಳಲ್ಲಿ ಆ ಜಾತಿಯ ಮರಗಳ ಉಂಗುರ ಎಣಿಸಿದಾಗ, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳೆದಷ್ಟು ವೇಗವಾಗಿ ಅವು ಅದಕ್ಕೆ ಹಿಂದಿನ 3,700 ವರ್ಷಗಳ ಯಾವ ಅರ್ಧ ಶತಮಾನದಲ್ಲೂ ಬೆಳೆದಿರಲಿಲ್ಲ ಎಂದು ಕಂಡಿತು, ಅದೂ ಗಡಿಯಿಂದ ಕೆಳಗೆ ಸುಮಾರು 150 ಮೀಟರಿನೊಳಗೆ ಇದ್ದ ಮರಗಳಲ್ಲಿ ಮಾತ್ರ. ಮಲಗಿದ ಮರಕ್ಕೆ ಇನ್ನೂ ಒಳ್ಳೆಯ ಉದಾಹರಣೆ ಸ್ವೀಡನ್ನಿನ ಫುಲುಫ್ಯೆಲ್ಲೆಟ್ ಬೆಟ್ಟದ ಮೇಲಿದೆ, ಓಲ್ಡ್ ಟ್ಜಿಕ್ಕೊ ಎಂಬ ಸ್ಪ್ರೂಸ್. ಅದರ ಬುಡದಲ್ಲಿ ಸಿಕ್ಕ ಹಳೆಯ ಕಟ್ಟಿಗೆಗೆ ಸುಮಾರು 9,550 ವರ್ಷ ವಯಸ್ಸು ಎಂದು ಲೆಕ್ಕ ಹಾಕಿದ್ದಾರೆ. ಸಾವಿರಾರು ವರ್ಷ ಅದು ಹಿಮದ ಕೆಳಗೆ ಪೊದೆಯಾಗಿ ಮಲಗಿತ್ತು, ನೆಲ ಮುಟ್ಟಿದ ಕೊಂಬೆ ಬೇರು ಬಿಟ್ಟು, ಹಳೆಯದು ಸತ್ತು, ಹೊಸದು ಚಿಗುರುತ್ತಾ ಉಳಿದುಕೊಂಡಿತ್ತು. ಈಗ ಅಲ್ಲಿಗೆ ಹೋದವರಿಗೆ ಕಾಣುವುದು ಸುಮಾರು 5 ಮೀಟರ್ ಎತ್ತರದ ಒಂದೇ ಒಂದು ನೆಟ್ಟನೆಯ ಕಾಂಡ. ಆ ಕಾಂಡ ಹೀಗೆ ಮೇಲೆದ್ದದ್ದು ಕಳೆದ ಶತಮಾನದ ಬೆಚ್ಚನೆಯ ದಶಕಗಳಲ್ಲಿ ಎಂದು ಅದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ.